ಟ್ರೇಲರಿನ ಕೊಂಡಿಗೆ ಗ್ರೀಸು ಬೇಕೆ, ಬೇಡವೆ?

ಟ್ರಾಕ್ಟರಿನ ಹಿಂದೆ ಟ್ರೇಲರನ್ನು ಕಟ್ಟುವ ಕೊಂಡಿಗೆ ಗ್ರೀಸು ಹಚ್ಚಬೇಕೆ, ಅಥವಾ ಅದನ್ನು ಒಣಗಿದಂತೆಯೇ ಬಿಡಬೇಕೆ ಎಂಬ ವಾದ ಗಾಡಿಯುಳ್ಳ ಊರುಗಳಲ್ಲೆಲ್ಲ ಉಂಟು. ನಮ್ಮ ಇತ್ತಲಾರಿನಲ್ಲಿಯೂ ಉಂಟು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವಲ್ಲಿ ಜಿಡ್ಡು ಬೇಡವೆ ಎಂದು ಒಬ್ಬರು ಕೇಳುತ್ತಾರೆ. ಜಿಡ್ಡು ಹಚ್ಚಿದರೆ ಮಣ್ಣು ಮೆತ್ತಿಕೊಂಡು ಸಾಣೆಯಂತೆ ತಿನ್ನುತ್ತದೆ, ಮೇಲಾಗಿ ಕೀಲು ಜಾರಿ ಹೊರಕ್ಕೆ ಬಂದೀತು ಎಂದು ಇನ್ನೊಬ್ಬರು ಹೇಳುತ್ತಾರೆ. ಇಬ್ಬರ ಮಾತನ್ನೂ ತೂಗಿ ನೋಡತಕ್ಕದ್ದೇ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ: ಕೊಂಡಿಗೆ ಗ್ರೀಸು ಹಚ್ಚಬೇಕು, ಆದರೆ ಹಳೆಯದನ್ನು ಒರೆಸಿ, ಕೀಲನ್ನು ಹೊರಕ್ಕೆ ತೆಗೆದು ಕಣ್ಣಾರೆ ನೋಡಿದ ಮೇಲೆಯೇ ಹಚ್ಚಬೇಕು. ನೋಡದೆ ಬಳಿದ ಗ್ರೀಸಿಗಿಂತ, ನೋಡಿ ಒಣಗಿದ್ದಂತೆ ಬಿಟ್ಟ ಕೀಲೇ ಮೇಲು.

ಎತ್ತಿನ ಬಂಡಿ ಕಟ್ಟಿದ ಮನೆತನದವರಿಗೆ ಇದು ಹೊಸ ಮಾತಲ್ಲ. ನಮ್ಮ ಹಿರಿಯರು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಕೀಲೆಣ್ಣೆ ಮಾಡಿಕೊಳ್ಳುತ್ತಿದ್ದರು. ಅದನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಯ ಅಡಿಗೆ ತೂಗುಹಾಕುತ್ತಿದ್ದರು. ಹರಳೆಣ್ಣೆ ಸಾಮಾನ್ಯ ವಸ್ತುವಲ್ಲ. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ವಿಮಾನಗಳ ಎಂಜಿನುಗಳಿಗೂ ಅದನ್ನೇ ಹಾಕುತ್ತಿದ್ದರು. ಆದರೆ ಇಲ್ಲಿ ಗಮನಿಸಬೇಕಾದದ್ದು ಎಣ್ಣೆಗಿಂತ ಹೆಚ್ಚಾಗಿ ಅದನ್ನು ಹಾಕುತ್ತಿದ್ದ ಕ್ರಮ. ಎಣ್ಣೆ ಹಾಕುವಾಗ ಕಡಾಣಿಯನ್ನು ಕಿತ್ತು, ಚಕ್ರವನ್ನು ಅಚ್ಚಿನಿಂದ ಹೊರಕ್ಕೆ ಸರಿಸಿ, ಹಳೆಯ ಮಸಿಯನ್ನು ಚಿಂದಿಯಿಂದ ಒರೆಸಬೇಕಾಗಿತ್ತು. ಅಚ್ಚು ಸವೆದಿದೆಯೆ, ಕಡಾಣಿ ಬಾಗಿದೆಯೆ ಎಂಬುದು ಆಗ ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು. ಎಣ್ಣೆ ಹಾಕುವುದೂ ಪರೀಕ್ಷೆ ಮಾಡುವುದೂ ಒಂದೇ ಕೆಲಸವಾಗಿತ್ತು. ಈಗ ಡಬ್ಬದ ಗ್ರೀಸು ಬಂದಿದೆ. ಏನನ್ನೂ ಬಿಚ್ಚದೆ ಮೇಲಿನಿಂದಲೇ ಎರಡು ಬೆರಳು ಬಳಿದು ಹೊರಡಬಹುದು. ಜಿಡ್ಡು ಉಳಿಯಿತು, ಪರೀಕ್ಷೆ ಬಿಟ್ಟುಹೋಯಿತು.

ಕೊಂಡಿಯಲ್ಲಿ ನಡೆಯುವುದೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ. ನಮ್ಮ ಕಡೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕೊಂಡಿ ಬಹು ಸರಳವಾದದ್ದು. ಎಳೆಯುವ ಗಾಡಿಯಲ್ಲಿ ಎರಡು ತುಟಿಯ ಕಬ್ಬಿಣ, ಟ್ರೇಲರಿನ ಮೂಕಿಯ ತುದಿಯಲ್ಲಿ ಒಂದು ಬಳೆ, ಇವೆರಡನ್ನೂ ಕೂಡಿಸುವ ಒಂದು ಕೀಲು. ಏರಿನಲ್ಲಿ ಬಳೆ ಕೀಲನ್ನು ಹಿಂದಕ್ಕೆ ಎಳೆಯುತ್ತದೆ. ಇಳಿತದಲ್ಲಿ ಮುಂದಕ್ಕೆ ನೂಕುತ್ತದೆ. ತಿರುವಿನಲ್ಲಿ ಭಾರವನ್ನು ಹೊತ್ತುಕೊಂಡೇ ಕೀಲಿನ ಸುತ್ತ ಉಜ್ಜುತ್ತ ತಿರುಗುತ್ತದೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ತಾಳವಾಡಿಯ ಬಂಧುಗಳು ಬಣ್ಣಾರಿಗೆ ಇಳಿಯುವ ದಿಂಬಂ ಘಾಟಿಯಲ್ಲಿ 27 ಇವೆ. ನಮ್ಮ ಹಟ್ಟಿಗಳ ಹೊಲದ ದಾರಿಗಳಲ್ಲಿ ತಿರುವನ್ನು ಎಣಿಸಿದವರೇ ಇಲ್ಲ. ಮೆಟ್ಟಿಲು ಮೆಟ್ಟಿಲಾದ ಹೊಲಗಳಿಗೆ ದೊಡ್ಡ ಟ್ರಾಕ್ಟರು ಒಗ್ಗದು. ಆದುದರಿಂದ ಪವರ್ ಟಿಲ್ಲರಿಗೋ ಜೀಪಿಗೋ ಸಣ್ಣ ಟ್ರೇಲರನ್ನು ಕಟ್ಟಿ ಕ್ಯಾರೆಟ್ಟು, ಆಲೂಗೆಡ್ಡೆ, ಗೊಬ್ಬರ ಸಾಗಿಸುವುದುಂಟು. ಟ್ರೇಲರು ಸಣ್ಣದಾದ ಮಾತ್ರಕ್ಕೆ ಕೊಂಡಿಯ ಕೆಲಸ ಸಣ್ಣದಲ್ಲ.

ಒಂದು ಲೆಕ್ಕ ಹೇಳುತ್ತೇವೆ. ಟ್ರೇಲರು ಮತ್ತು ಸರಕು ಸೇರಿ 1,200 ಕಿಲೋ ತೂಗುತ್ತದೆಂದು ಇಟ್ಟುಕೊಳ್ಳಿ. 12 ಅಡಿ ಹೋದರೆ ಒಂದು ಅಡಿ ಏರುವ ದಾರಿಯಲ್ಲಿ ಇಳಿಜಾರಿನ ಎಳೆತವೊಂದೇ ಕೀಲಿನ ಮೇಲೆ ಸುಮಾರು 100 ಕಿಲೋ ಆಗುತ್ತದೆ. ಟ್ರೇಲರಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ ಇಳಿಯುವಾಗಲೂ ಅಷ್ಟೇ ಭಾರ ನೂಕುತ್ತದೆ. ಚಾಲಕ ಬ್ರೇಕು ಒತ್ತಿದ ಕ್ಷಣದಲ್ಲಿ ಇನ್ನೂ ಹೆಚ್ಚು. ಕೀಲಿಗೂ ಬಳೆಗೂ ನಡುವೆ ಸಡಿಲು ಬೆಳೆದಿದ್ದರೆ ಈ ಭಾರ ಮೆಲ್ಲಗೆ ಬರುವುದಿಲ್ಲ, ಸುತ್ತಿಗೆಯ ಪೆಟ್ಟಿನಂತೆ ಬರುತ್ತದೆ. ಪೆಟ್ಟಿನಿಂದ ಸಡಿಲು ಹೆಚ್ಚುತ್ತದೆ, ಸಡಿಲಿನಿಂದ ಪೆಟ್ಟು ಹೆಚ್ಚುತ್ತದೆ.

ಸವೆತದ ಲೆಕ್ಕವೂ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುವಷ್ಟು ಸುಲಭವಾದದ್ದು. 25 ಮಿಲಿಮೀಟರು ದಪ್ಪದ ಕೀಲು ಸುತ್ತಲೂ ಸವೆದು 20 ಮಿಲಿಮೀಟರಿಗೆ ಇಳಿದರೆ ನೋಡುವವರಿಗೆ ಐದರಲ್ಲಿ ಒಂದು ಪಾಲು ಹೋಯಿತೆಂದು ತೋರುತ್ತದೆ. ಆದರೆ ವೃತ್ತದ ಕ್ಷೇತ್ರಫಲ ವ್ಯಾಸದ ವರ್ಗದಂತೆ ಇಳಿಯುವುದರಿಂದ ಕತ್ತರಿಸಿ ಹೋಗದಂತೆ ತಡೆಯುವ ಕಬ್ಬಿಣ 100ಕ್ಕೆ 64 ಪಾಲು ಮಾತ್ರ ಉಳಿದಿರುತ್ತದೆ. ಬಾಗುವುದನ್ನು ತಡೆಯುವ ಶಕ್ತಿ ವ್ಯಾಸದ ಘನದಂತೆ ಇಳಿದು ಸುಮಾರು ಅರ್ಧಕ್ಕೆ ಬಂದಿರುತ್ತದೆ. ಕಣ್ಣಿಗೆ ಅಲ್ಪವೆಂದು ಕಾಣುವ ಸವೆತ ಬಲದಲ್ಲಿ ಅಲ್ಪವಲ್ಲ. ಈ ಸವೆತವನ್ನು ನಿಧಾನಗೊಳಿಸುವುದಕ್ಕಾಗಿಯೇ ಗ್ರೀಸು ಬೇಕೆನ್ನುವುದು.

ಎಣ್ಣೆಯನ್ನೇ ಸುರಿದರೆ ಸಾಲದೆ ಎಂದು ಕೇಳಬಹುದು. ಸಾಲದು. 1883ರಲ್ಲಿ ಬೋಷಾಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲು ಗಾಡಿಯ ಅಚ್ಚಿನಂತಹ ಅಚ್ಚನ್ನು ಎಣ್ಣೆಯಲ್ಲಿ ತಿರುಗಿಸಿ ಪರೀಕ್ಷೆ ನಡೆಸಿದಾಗ, ವೇಗವಾಗಿ ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಸೆಳೆದುಕೊಂಡು, ಆ ಎಣ್ಣೆಯ ಪದರವೇ ಭಾರವನ್ನು ಎತ್ತಿ ಹಿಡಿಯುತ್ತದೆಂಬುದು ತಿಳಿದುಬಂತು. ಕೊಂಡಿಯ ಕೀಲು ಹಾಗೆ ತಿರುಗುವುದಿಲ್ಲ. ಒಂದು ತಿರುವಿಗೊಮ್ಮೆ ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ, ಅಷ್ಟೆ. ಭಾರ ಹೆಚ್ಚು, ಚಲನೆ ಕಡಿಮೆ ಇರುವಲ್ಲಿ ತೆಳು ಎಣ್ಣೆ ಹಿಂಡಿ ಹೊರಕ್ಕೆ ಹೋಗುತ್ತದೆ. ಅಂಟಿ ನಿಲ್ಲುವ ಗ್ರೀಸೇ ಅಲ್ಲಿಗೆ ತಕ್ಕದ್ದು. ಸಾಮಾನ್ಯ ಲಿಥಿಯಂ ಗ್ರೀಸು ಸಾಕು. ಗ್ರಾಫೈಟು ಸೇರಿದ್ದಾದರೆ ಇನ್ನೂ ಒಳ್ಳೆಯದು. ಗ್ರಾಫೈಟೆಂದರೆ ಇಂಗಾಲದ ಒಂದು ರೂಪವೇ. ಹಿರಿಯರು ಕೀಲೆಣ್ಣೆಗೆ ಕರಿ ಕಲಸಿದ್ದನ್ನು ಓದುಗರು ಇಲ್ಲಿ ನೆನೆಯಬಹುದು.

ಇನ್ನು ಬೇಡವೆನ್ನುವವರ ಆಕ್ಷೇಪಣೆಗಳು. ಮಣ್ಣು ಮೆತ್ತುತ್ತದೆಂಬುದು ನಿಜವೇ. ಬಯಲು ಸೀಮೆಯ ಜತ್ತ, ಅಕ್ಕಲಕೋಟೆಗಳ ಕಡೆ ಒಂದೇ ಟ್ರಾಕ್ಟರಿಗೆ ಎರಡು ಟ್ರೇಲರುಗಳನ್ನು ಕಟ್ಟಿ ಕಬ್ಬು ಸಾಗಿಸುವ ರೈತರಿಗೆ ದೂಳಿನ ಕಾಟ ನಮಗಿಂತ ಹೆಚ್ಚು. ಅಲ್ಲಿ ಮುಂದಿನ ಕೊಂಡಿ ಎರಡು ಟ್ರೇಲರುಗಳ ಎಳೆತವನ್ನೂ ಹೊರಬೇಕು. ನಮ್ಮ ಬೆಟ್ಟದಲ್ಲಿ ಬೇಸಿಗೆಯಲ್ಲಿ ಕೆಮ್ಮಣ್ಣಿನ ದೂಳು, ಮಳೆಗಾಲದಲ್ಲಿ ಕೆಸರು. ತಿಂಗಳುಗಟ್ಟಲೆ ಒರೆಸದ ಗ್ರೀಸಿನೊಳಗೆ ಈ ಮಣ್ಣು ಕೂತು ಕಬ್ಬಿಣವನ್ನು ಅರೆಯುತ್ತದೆ. ಆದರೆ ಅದು ಒರೆಸದವರ ತಪ್ಪು. ಗ್ರೀಸಿನ ಮೇಲೆ ಹೊರಿಸಕೂಡದು. ಒಣ ಕೀಲಿಗೂ ದೂಳು ತಪ್ಪಿದ್ದಲ್ಲ, ಅದರ ಮೇಲೆ ಮಳೆಯ ತುಕ್ಕು ಬೇರೆ. ಆದಕಾರಣ ಹಚ್ಚುವ ಗ್ರೀಸು ತೆಳುವಾದ ಒಂದು ಪದರವಿರಲಿ, ಹಚ್ಚುವ ಮೊದಲು ಹಳೆಯದೆಲ್ಲ ಹೋಗಲಿ.

ಕೀಲು ಜಾರಿ ಹೊರಬರುತ್ತದೆಂಬ ಭಯಕ್ಕೆ ಉತ್ತರವೇನೆಂದರೆ, ಕೀಲನ್ನು ತಡೆದು ಹಿಡಿಯತಕ್ಕದ್ದು ಅದರ ಒರಟುತನವಲ್ಲ, ಅದರ ತುದಿಯ ಚಿಲಕ. ಬಂಡಿಯ ಚಕ್ರಕ್ಕೆ ಕಡಾಣಿ ಹೇಗೋ ಕೊಂಡಿಯ ಕೀಲಿಗೆ ಈ ಚಿಲಕ ಹಾಗೆ. ಅದು ಕಳೆದುಹೋದಾಗ ತಂತಿ ಸುತ್ತುವುದು, ಕೀಲೇ ಕಳೆದುಹೋದಾಗ ಕಂಬಿಯ ತುಂಡನ್ನೋ ಹಳೆಯ ಬೋಲ್ಟನ್ನೋ ತುರುಕುವುದು ಹಲವೆಡೆ ಕಾಣುತ್ತದೆ. ಒಣಗಿದ್ದರೆ ನಿಲ್ಲುತ್ತದೆ, ಜಿಡ್ಡಾದರೆ ಜಾರುತ್ತದೆ ಎಂಬಂತಹ ಕೀಲು ಯಾವ ಗಾಡಿಯಲ್ಲಿದ್ದರೂ ಆ ಗಾಡಿ ರಸ್ತೆಗೆ ಇಳಿಯಕೂಡದು.

ಗ್ರೀಸು ತಾಗಕೂಡದ ಸ್ಥಳಗಳೂ ಉಂಟು. 1908ರಲ್ಲಿ ಉದಕಮಂಡಲದವರೆಗೆ ಬಂದ ನಮ್ಮ ಬೆಟ್ಟದ ರೈಲನ್ನೇ ನೋಡಿ. ಅದರ ಅಚ್ಚುಗಳಿಗೆ ಎಣ್ಣೆ ಬೇಕು. ಅದೇ ಎಣ್ಣೆ ಬ್ರೇಕಿಗೆ ತಾಗಿದರೆ ಅಪಾಯ. ತಿರುಗುವಲ್ಲಿ ಜಿಡ್ಡು, ಹಿಡಿಯುವಲ್ಲಿ ಒಣಗು ಎಂಬುದೇ ನಿಯಮ. ಟ್ರೇಲರಿಗೂ ಇದು ಸಲ್ಲುತ್ತದೆ. ಗುಂಡಿನ ಮೇಲೆ ಬಟ್ಟಲು ಕೂರುವ ಕೊಂಡಿಗೆ ಸಾಧಾರಣವಾಗಿ ಗ್ರೀಸು ಬೇಕು. ಆದರೆ ಟ್ರೇಲರು ಅತ್ತಿತ್ತ ಓಲಾಡದಂತೆ ಗುಂಡನ್ನು ಉಜ್ಜಿ ಹಿಡಿಯುವ ಪಟ್ಟಿಗಳುಳ್ಳ ಕೊಂಡಿಯೂ ಪರದೇಶಗಳಲ್ಲಿ ಬಳಕೆಯಲ್ಲಿದೆ, ಅದಕ್ಕೆ ಗ್ರೀಸು ಹಚ್ಚಿದರೆ ಅದರ ಉದ್ದೇಶವೇ ಕೆಡುತ್ತದೆ. ಅಂತಹ ಗಾಡಿಯನ್ನು ಕೊಂಡವರು ತಯಾರಿಸಿದವರ ಪುಸ್ತಕವನ್ನು ಓದಿ ನಡೆಯಬೇಕು. ನಮ್ಮ ಕೀಲು-ಬಳೆಯ ಕೊಂಡಿಗೆ ಆ ತೊಡಕಿಲ್ಲ.

ಎಂಜಿನಿನಿಂದ ಇಳಿಸಿದ ಹಳೆಯ ಎಣ್ಣೆಯನ್ನು ಕೊಂಡಿಗೆ ಸುರಿಯುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಅದು ಪುಕ್ಕಟೆ ಸಿಗುವುದೇನೋ ನಿಜ. ಆದರೆ ಅದು ತೆಳು. ಅದರಲ್ಲಿ ಎಂಜಿನಿನೊಳಗೆ ಸವೆದ ಲೋಹದ ಪುಡಿ ಇರುತ್ತದೆ. ಮೇಲಿಂದ ಮೇಲೆ ಕೈಗೆ ತಾಗಿದರೆ ಚರ್ಮಕ್ಕೆ ಕೇಡು. ಹರಿದು ಹೋದದ್ದು ಹೊಲಕ್ಕೂ ಹಳ್ಳಕ್ಕೂ ಸೇರುತ್ತದೆ. ಕುಂದಾ ಕಣಿವೆಯ ನೀರು ಭವಾನಿಗೆ, ಭವಾನಿಯ ನೀರು ಕಾವೇರಿಗೆ ಹೋಗುವುದನ್ನು ಮೇಲಿನ ಊರಿನವರಾದ ನಾವು ಮರೆಯಕೂಡದು.

ಮಾಡಬೇಕಾದ ಕೆಲಸ ಹೆಚ್ಚು ಹೊತ್ತಿನದಲ್ಲ. ಟ್ರೇಲರನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೀಲನ್ನು ತೆಗೆಯಿರಿ. ಕೀಲನ್ನೂ ಬಳೆಯ ಒಳಮೈಯನ್ನೂ ಚಿಂದಿಯಿಂದ ಚೆನ್ನಾಗಿ ಒರೆಸಿ. ಕೀಲಿನ ಸೊಂಟ ಸಣ್ಣದಾಗಿದೆಯೆ, ಬಾಗಿದೆಯೆ, ಬಳೆ ಒಂದು ಕಡೆಗೆ ಉದ್ದವಾಗಿದೆಯೆ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದೆಯೆ ನೋಡಿ. ಇದ್ದರೆ ಅಂದಿನ ಹೇರು ನಿಲ್ಲಲಿ. ಇಲ್ಲವಾದರೆ ತೆಳ್ಳಗೆ ಗ್ರೀಸು ಹಚ್ಚಿ, ಕೀಲನ್ನು ಹಾಕಿ, ಚಿಲಕವನ್ನು ಬಿಗಿ ಮಾಡಿ. ಕೀಲು ಮುರಿದರೂ ಮೂಕಿ ನೆಲಕ್ಕೆ ಕುತ್ತದಂತೆ ಕೊಂಡಿಯ ಅಡಿಯಲ್ಲಿ ಎರಡು ಸರಪಣಿಗಳನ್ನು ಒಂದರ ಮೇಲೊಂದು ಹಾಯಿಸಿ ಕಟ್ಟಿ. ತಿರುವಿಗೆ ಸಾಕಾಗುವಷ್ಟು ಸಡಿಲವಿರಲಿ, ನೆಲಕ್ಕೆ ಎಳೆಯುವಷ್ಟು ಬೇಡ. ಕೀಲನ್ನೂ ಚಿಲಕವನ್ನೂ ಪ್ರತಿ ಹೇರಿನ ಮುಂಚೆ ನೋಡಬೇಕು. ಒರೆಸಿ ಗ್ರೀಸು ಹಚ್ಚುವುದನ್ನು ಗಾಡಿ ಓಡುವ ದಿನಗಳಲ್ಲಿ ವಾರಕ್ಕೊಮ್ಮೆಯೂ, ಜೋರು ಮಳೆಯ ನಂತರವೂ ಮಾಡಬೇಕೆಂಬುದು ನಮ್ಮ ಸಲಹೆ.

ಇಷ್ಟು ಸಣ್ಣ ಕೆಲಸ ಏಕೆ ನಡೆಯುವುದಿಲ್ಲ? ಗಾಡಿ ಒಬ್ಬರದು, ಓಡಿಸುವವರು ಇನ್ನೊಬ್ಬರು, ಹೇರು ಮೂರನೆಯವರದು. ಕೀಲನ್ನು ನೋಡುವುದು ತಮ್ಮ ಕೆಲಸವೆಂದು ಮೂವರಲ್ಲಿ ಯಾರೂ ಭಾವಿಸುವುದಿಲ್ಲ. ಕೀಲು ಮುರಿದ ದಿನ ಪೆಟ್ಟು ಬೀಳುವುದು ಈ ಮೂವರಿಗೇ ಎಂದೂ ಹೇಳಲಾಗದು. ಸಂಜೆ ಕೂಲಿ ಮುಗಿಸಿ ಮೂಟೆಗಳ ಮೇಲೆ ಕೂತ ಹೆಣ್ಣುಮಕ್ಕಳಿಗೆ, ಇಳಿಜಾರಿನ ಕೆಳಗಿನ ದಾರಿಯಲ್ಲಿ ಶಾಲೆಯಿಂದ ಮನೆಗೆ ನಡೆದು ಬರುವ ಮಕ್ಕಳಿಗೆ ಬೀಳುತ್ತದೆ. ಸರಕಿನ ಟ್ರೇಲರಿನ ಮೇಲೆ ಜನರನ್ನು ಕೂರಿಸಲೇಕೂಡದು. ಗ್ರೀಸು ಹಚ್ಚಿದ ಮಾತ್ರಕ್ಕೆ ಅದಕ್ಕೆ ಅಪ್ಪಣೆ ಸಿಕ್ಕಿತೆಂದು ಯಾರೂ ತಿಳಿಯಬಾರದು.

ಗಾಡಿಯ ಯಜಮಾನರೇ ಈ ಹೊಣೆಯನ್ನು ಹೊರಬೇಕೆಂಬುದು ನಮ್ಮ ಖಚಿತವಾದ ಮತ. ಒಂದು ಡಬ್ಬ ಗ್ರೀಸು, ಒಂದು ಹಿಡಿ ಚಿಂದಿ, ಒಂದು ಹೆಚ್ಚಿನ ಕೀಲು ಮತ್ತು ಚಿಲಕ ಗಾಡಿಯಲ್ಲಿ ಸದಾ ಇರುವಂತೆ ಅವರು ನೋಡಿಕೊಳ್ಳಲಿ. ಬಾಡಿಗೆಗೆ ಗಾಡಿ ಕರೆಯುವ ರೈತರು ಹೇರು ಏರಿಸುವ ಮುಂಚೆ ಕೀಲನ್ನು ತೆಗೆದು ತೋರಿಸಿರೆಂದು ಕೇಳಲಿ. ಕೇಳುವುದರಲ್ಲಿ ಅವಮಾನವೇನೂ ಇಲ್ಲ. ತೋರಿಸಲು ಒಪ್ಪದ ಗಾಡಿಗೆ ಹೇರು ಕೊಡಬೇಡಿರಿ.