ತಾತ್ಕಾಲಿಕ ಹುದ್ದೆ, ಶಾಶ್ವತ ಅಸಡ್ಡೆ

ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯನ್ನು ನಮ್ಮಲ್ಲಿ ಅನೇಕರು ರಸ್ತೆಯಿಂದ ನೋಡಿದ್ದೇವೆ. ಒಳಗೆ ಏನು ನಡೆಯುತ್ತದೆಂದು ವಿಚಾರಿಸಿದವರು ವಿರಳ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ತಂತ್ರವನ್ನು ಈ ದೇಶಕ್ಕೆ ಕೊಟ್ಟದ್ದು ಇದೇ ಸಂಸ್ಥೆ. ಮಾಂಸ ಮತ್ತು ಮೀನಿನ ಬಗ್ಗೆ ಸಂಶೋಧನೆ ನಡೆಸಲೆಂದೇ ಅಲ್ಲೊಂದು ವಿಭಾಗವಿದೆ. ಮಾಂಸ ಮತ್ತು ಮೀನಿನ ವ್ಯಾಪಾರದಲ್ಲಿ ತಲೆಮಾರುಗಳನ್ನು ಕಳೆದ ನಾವು ಆ ವಿಭಾಗದ ಹೆಸರನ್ನೂ ಕೇಳಿಲ್ಲವೆಂದರೆ ತಪ್ಪು ಯಾರದು? ಮಿಠಾಯಿಯಲ್ಲಿರುವ ಜೆಲಾಟಿನ್ ಯಾವ ಪ್ರಾಣಿಯದೆಂದು ಮಸೀದಿಯ ಅಂಗಳದಲ್ಲಿ ಗಂಟೆಗಟ್ಟಲೆ ತರ್ಕಿಸುತ್ತೇವೆ. ಅದನ್ನು ಪರೀಕ್ಷಿಸಿ ಹೇಳಬಲ್ಲ ವಿದ್ಯೆ ಕಲಿತ ಮಗಳನ್ನು ಮಾತ್ರ ಮನೆಯಲ್ಲಿ ಕೂರಿಸುತ್ತೇವೆ.

ಇಂತಹ ಸಂಸ್ಥೆಗಳು ಆಗಾಗ ಯೋಜನಾ ಸಿಬ್ಬಂದಿಯ ಹುದ್ದೆಗಳಿಗೆ ಅರ್ಜಿ ಕರೆಯುತ್ತವೆ. ವ್ಯವಸ್ಥೆ ಸರಳವಾದುದು. ಒಬ್ಬ ವಿಜ್ಞಾನಿಗೆ ಯಾವುದಾದರೊಂದು ಸರಕಾರಿ ಇಲಾಖೆಯಿಂದಲೋ ಉದ್ದಿಮೆಯಿಂದಲೋ ನಿರ್ದಿಷ್ಟ ಸಂಶೋಧನೆಗೆ ಹಣ ಮಂಜೂರಾಗುತ್ತದೆ. ಆ ಹಣದಲ್ಲಿ ಸಹಾಯಕರ ವೇತನವೂ ಸೇರಿರುತ್ತದೆ. ಪದವೀಧರರಿಂದ ಹಿಡಿದು ಪಿಎಚ್‌ಡಿ ಆದವರ ತನಕ ಬೇರೆ ಬೇರೆ ಹಂತದ ಹುದ್ದೆಗಳಿರುತ್ತವೆ. ಸಂಸ್ಥೆಯ ಜಾಲತಾಣದಲ್ಲಿ ಪ್ರಕಟಣೆ ಬರುತ್ತದೆ, ಕೆಲವೊಮ್ಮೆ ನೇರ ಸಂದರ್ಶನದ ದಿನಾಂಕವೇ ಬರುತ್ತದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2020ರಲ್ಲಿ ಹೊರಡಿಸಿದ ಆದೇಶದಂತೆ, ಎಂಎಸ್ಸಿ ಆದವರಿಗೆ ಆರಂಭದ ಹಂತದಲ್ಲಿಯೇ ತಿಂಗಳಿಗೆ 25,000 ರೂಪಾಯಿ, ನೆಟ್ ಅಥವಾ ಗೇಟ್ ತೇರ್ಗಡೆಯಾದವರಿಗೆ 31,000 ರೂಪಾಯಿ ನಿಗದಿಯಾಗಿತ್ತು. ಮನೆ ಬಾಡಿಗೆ ಭತ್ಯೆ ಬೇರೆ. ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ 37,000ಕ್ಕೇರಿತು. ಇದಕ್ಕೆ ಲಂಚ ಕೊಡಬೇಕಾಗಿಲ್ಲ, ಶಾಸಕರ ಪತ್ರ ಬೇಕಾಗಿಲ್ಲ. ಬೇಕಾದುದು ಅಂಕಪಟ್ಟಿ ಮತ್ತು ವಿಷಯಜ್ಞಾನ.

ಹೀಗಿದ್ದೂ ನಮ್ಮ ಮನೆಗಳಲ್ಲಿ ಈ ವಿಷಯ ಪ್ರಸ್ತಾಪವಾದೊಡನೆ ಏಳುವ ಪ್ರಶ್ನೆ ಒಂದೇ: 'ಪರ್ಮನೆಂಟಾ?' ಅಲ್ಲ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಮಗಳಾದರೆ, 'ಎರಡು ವರ್ಷದ ಕೆಲಸಕ್ಕಾಗಿ ಊರು ಬಿಟ್ಟು ಹೋಗಬೇಕೇ, ಬರುವ ಸಂಬಂಧ ತಪ್ಪೀತು' ಎಂಬ ಮಾತು ಅದಕ್ಕೆ ಜೋಡಿಸಲ್ಪಡುತ್ತದೆ.

ನಾವು ಕೇಳುತ್ತೇವೆ: ಗಲ್ಫಿನ ವೀಸಾ ಪರ್ಮನೆಂಟೇ? ಎರಡು ವರ್ಷದ ಕರಾರು, ಕಫೀಲನ ಮರ್ಜಿ, ಕಂಪೆನಿ ಮುಚ್ಚಿದರೆ ಮರುದಿನವೇ ವಿಮಾನದ ಟಿಕೇಟು. 2020ರ ಕೊರೋನಾ ಕಾಲದಲ್ಲಿ ಮಂಗಳೂರು ವಿಮಾನ ನಿಲ್ದಾಣದಲ್ಲಿ ಬರಿಗೈಯಲ್ಲಿ ಇಳಿದವರ ಮುಖಗಳನ್ನು ನಾವು ಇಷ್ಟು ಬೇಗ ಮರೆತೆವೇ? ಆದರೂ ಗಲ್ಫಿನ ವರನೆಂದರೆ ಯಾವ ಹೆಣ್ಣಿನ ತಂದೆಯೂ ಕರಾರು ಪತ್ರ ತೋರಿಸೆಂದು ಕೇಳುವುದಿಲ್ಲ. ಅಲ್ಲಿನ ಅಂಗಡಿಯ ತಾತ್ಕಾಲಿಕ ಕೆಲಸ ಗೌರವದ್ದು, ಇಲ್ಲಿನ ಪ್ರಯೋಗಾಲಯದ ತಾತ್ಕಾಲಿಕ ಕೆಲಸ ಅಗೌರವದ್ದು; ಈ ತಕ್ಕಡಿಯನ್ನು ನಮಗೆ ಕೊಟ್ಟವರು ಯಾರೋ ತಿಳಿಯದು. ಗಲ್ಫಿನ ದುಡಿಮೆಯನ್ನು ನಾವು ಹೀಗಳೆಯುತ್ತಿಲ್ಲ. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಆದರೆ ಎರಡು ವರ್ಷ ಪ್ರಯೋಗಾಲಯದಲ್ಲಿ ದುಡಿದವನ ಕೈಯಲ್ಲಿ ಉಳಿಯುವುದು ಸಂಬಳ ಮಾತ್ರವಲ್ಲ. ಉಪಕರಣಗಳ ಪರಿಚಯ, ಅನುಭವ ಪತ್ರ, ಅದೃಷ್ಟವಿದ್ದರೆ ಸಂಶೋಧನಾ ಲೇಖನದಲ್ಲೊಂದು ಹೆಸರು, ಅಲ್ಲಿಂದ ಪಿಎಚ್‌ಡಿಯ ಹಾದಿ. ಔಷಧ ಮತ್ತು ಆಹಾರ ಕಂಪೆನಿಗಳು ಕೇಳುವುದೂ ಇದನ್ನೇ.

ನಮ್ಮ ವೇದಿಕೆಗಳ ಮಾತು ಬೇರೆಯೇ ಆಗಿದೆ. ಸಾಚಾರ್ ಸಮಿತಿಯ ವರದಿ ಸಂಸತ್ತಿನಲ್ಲಿ ಮಂಡನೆಯಾದದ್ದು 2006ರ ನವೆಂಬರ್ 30ರಂದು. ಐಎಎಸ್‌ನಲ್ಲಿ ನಮ್ಮ ಪಾಲು ಶೇ. 3 ಎಂಬ ಅಂಕಿಯನ್ನು ಅಂದಿನಿಂದ ಇಂದಿನ ತನಕ ಪಠಿಸುತ್ತಿದ್ದೇವೆ. ಮೀಲಾದ್ ಸಭೆಗಳಲ್ಲಿ ದೃಗ್ವಿಜ್ಞಾನದ ಇಬ್ನುಲ್ ಹೈಸಮ್, ಅಲ್ ಬಿರೂನಿ ಎಂದು ಸಾವಿರ ವರ್ಷದ ಹಿಂದಿನವರನ್ನು ಸ್ಮರಿಸಿ ಪುಳಕಗೊಳ್ಳುತ್ತೇವೆ. ಅದೇ ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಬಿಎಸ್ಸಿ ಹುಡುಗನಿಗೆ ಸಂದರ್ಶನವೊಂದರ ದಿನಾಂಕ ತಿಳಿಸುವವರು ಮಾತ್ರ ಇಲ್ಲ. ಮದ್ರಸಾದಲ್ಲಿ ಕಲಿತು ಬಂದ ನಮ್ಮಂಥವರೂ ಇದರಲ್ಲಿ ನಿರ್ದೋಷಿಗಳಲ್ಲ.

ಸರಕಾರವನ್ನು ಬಿಟ್ಟು ಸಮುದಾಯವನ್ನು ಮಾತ್ರ ದೂರುವುದು ನ್ಯಾಯವಲ್ಲ. ನಿರಂತರವಾಗಿ ನಡೆಯಬೇಕಾದ ಸಂಶೋಧನೆಯನ್ನು ತಾತ್ಕಾಲಿಕ ಕೈಗಳಿಂದ ಮಾಡಿಸಿ, ಯೋಜನೆ ಮುಗಿದ ದಿನ ಬಾಗಿಲು ತೋರಿಸುವುದು ಶೋಷಣೆಯೇ. ಖಾಯಂಗೊಳಿಸಲು ಕೇಳುವ ಹಕ್ಕಿಲ್ಲವೆಂದು ಪ್ರಕಟಣೆಯಲ್ಲಿಯೇ ಬರೆದಿರುತ್ತಾರೆ. ನಮ್ಮದೇ ರಾಜ್ಯದಿಂದ ಹೋದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 2006ರ ಏಪ್ರಿಲ್ 10ರಂದು, ನಿಯಮದಂತೆ ನೇಮಕವಾಗದವರು ಸೇವಾವಧಿಯೊಂದನ್ನೇ ಮುಂದಿಟ್ಟು ಖಾಯಮಾತಿ ಕೇಳುವಂತಿಲ್ಲವೆಂದಿತು. ಆ ತೀರ್ಪನ್ನು ಸರಕಾರಗಳು ದೀರ್ಘಕಾಲ ದುಡಿದವರ ವಿರುದ್ಧ ಗುರಾಣಿಯಾಗಿ ಬಳಸುತ್ತಿರುವುದನ್ನು 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಆಕ್ಷೇಪಿಸಿತು. ಅಲ್ಪಸಂಖ್ಯಾತ ಸಂಶೋಧಕರಿಗೆಂದು 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು, ಇತರ ಯೋಜನೆಗಳು ಇವೆಯೆಂಬ ನೆಪದಲ್ಲಿ ಕೇಂದ್ರವು 2022-23ರಿಂದ ನಿಲ್ಲಿಸಿತು. ಇವುಗಳ ವಿರುದ್ಧ ಮಾತಾಡಲೇಬೇಕು. ಆದರೆ ಫೆಲೋಶಿಪ್ ನಿಂತಾಗ ಹೇಳಿಕೆ ಕೊಟ್ಟ ನಮ್ಮ ನಾಯಕರಲ್ಲಿ ಎಷ್ಟು ಮಂದಿ ಒಬ್ಬ ಸಂಶೋಧನಾ ವಿದ್ಯಾರ್ಥಿಯ ಒಂದು ವರ್ಷದ ಖರ್ಚನ್ನು ವಹಿಸಿಕೊಂಡರು? ಒಂದು ರಾತ್ರಿಯ ಶಾದಿಮಹಲ್ ಅಲಂಕಾರಕ್ಕೆ ಸುರಿಯುವ ಹಣ ಅದಕ್ಕೆ ಸಾಕಾಗುತ್ತಿತ್ತು.

ದೊಡ್ಡ ಸಮಾವೇಶಗಳನ್ನು ನಾವು ಕೇಳುತ್ತಿಲ್ಲ. ಪ್ರತಿ ಜಮಾಅತ್ ಒಬ್ಬ ಪದವೀಧರನಿಗೆ ಹೊಣೆ ಕೊಡಲಿ. ಅವನು ವಾರಕ್ಕೊಮ್ಮೆ ಮೈಸೂರು, ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ಜಾಲತಾಣ ನೋಡಿ, ನಮಾಝಿನ ಸಮಯ ಬರೆಯುವ ಫಲಕದ ಪಕ್ಕದಲ್ಲಿ ಪ್ರಕಟಣೆಯನ್ನು ಅಂಟಿಸಲಿ. ಹೆಣ್ಣುಮಕ್ಕಳ ಕಾಲೇಜಿಗೂ ಒಂದು ಪ್ರತಿ ತಲುಪಿಸಲಿ. ರಾಜ್ಯದ 2ಬಿ ಪಟ್ಟಿ ಬೇರೆ, ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ ಎಂಬುದನ್ನು ಅರ್ಜಿದಾರರಿಗೆ ಮೊದಲೇ ತಿಳಿಸಲಿ. ನೇರ ಸಂದರ್ಶನವಾದರೆ ಮೂಲ ಅಂಕಪಟ್ಟಿಗಳೂ ಸಹಿ ಮಾಡಿದ ಪ್ರತಿಗಳೂ ಜೊತೆಗಿರಲಿ. ಹೇಳಿದ ಹೊತ್ತು ಮೀರಿದರೆ ಒಳಗೆ ಬಿಡದಿರಬಹುದಾದ್ದರಿಂದ ದೂರದ ಊರಿನವರು ಹಿಂದಿನ ರಾತ್ರಿಯೇ ಬಸ್ಸು ಹತ್ತಲಿ. ಮಗಳ ಜೊತೆ ತಂದೆಯೋ ಅಣ್ಣನೋ ಹೋಗುವುದಾದರೆ ಹೋಗಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.