ಕಾಲಡಿಯ ಹೆಸರುಗಳು

ಬರ್ಲಿನ್ನಿನಲ್ಲಿ ಮಕ್ಕಳ ಕೈ ಹಿಡಿದು ನಡೆಯುವಾಗ ನಮ್ಮ ಕಣ್ಣು ಅಂಗಡಿ ಬೋರ್ಡುಗಳ ಮೇಲಿದ್ದರೆ ಅವರ ಕಣ್ಣು ನೆಲದ ಮೇಲಿರುತ್ತದೆ. ಹಾಗಾಗಿ ಹಳೆಯ ಮನೆಗಳ ಬಾಗಿಲ ಮುಂದೆ, ಫುಟ್‌ಪಾತಿನಲ್ಲಿ ಹೂತಿರುವ ಅಂಗೈಯಗಲದ ಹಿತ್ತಾಳೆ ಕಲ್ಲುಗಳು ಮೊದಲು ಕಾಣುವುದು ಅವರಿಗೇ. ಈಗಷ್ಟೇ ಓದಲು ಕಲಿತ ಮಗುವಾದರೆ ಕುಕ್ಕರಗಾಲಲ್ಲಿ ಕೂತು ಅಕ್ಷರ ಕೂಡಿಸುತ್ತದೆ: ‘ಹೀರ್ ವೋನ್ಟೆ’, ಅಂದರೆ ‘ಇಲ್ಲಿ ವಾಸವಾಗಿದ್ದರು’. ಆಮೇಲೆ ಒಂದು ಹೆಸರು, ಹುಟ್ಟಿದ ವರ್ಷ, ಕೊನೆಗೆ ಒಂದೆರಡು ಗಡಸು ಪದ. “ಅಮ್ಮಾ, ಹಾಗಂದ್ರೇನು?”

ಇವುಗಳ ಹೆಸರು ಶ್ಟೋಲ್ಪರ್‌ಸ್ಟೈನೆ. ಎಡವುಗಲ್ಲುಗಳು ಎನ್ನೋಣ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1992ರಲ್ಲಿ ಕಲೋನ್‌ನಲ್ಲಿ ಮೊದಲ ಕಲ್ಲು ಹಾಕಿದರು. 1996ರಲ್ಲಿ ಬರ್ಲಿನ್ನಿನ ಕ್ರೊಯ್ಟ್ಸ್‌ಬೆರ್ಗ್‌ನಲ್ಲಿ ಹಾಕಿದಾಗ ಅನುಮತಿಯನ್ನೂ ಪಡೆದಿರಲಿಲ್ಲ. 10 ಸೆಂಟಿಮೀಟರ್ ಚೌಕದ ಕಾಂಕ್ರೀಟ್ ಗಟ್ಟಿ, ಅದರ ಮೇಲೊಂದು ಹಿತ್ತಾಳೆ ತಗಡು. ನಾಜಿಗಳ ಕೈಗೆ ಸಿಕ್ಕ ಯೆಹೂದಿಗಳು, ಸಿಂಟಿ ಮತ್ತು ರೋಮಾ ಜನ, ರಾಜಕೀಯ ವಿರೋಧಿಗಳು, ಅಂಗವಿಕಲರು ತಾವಾಗಿ ಆರಿಸಿಕೊಂಡಿದ್ದ ಕೊನೆಯ ಮನೆಯ ಮುಂದೆ ಇವನ್ನು ಕೂರಿಸುತ್ತಾರೆ. ಯೂರೋಪಿನಾದ್ಯಂತ ಇವುಗಳ ಸಂಖ್ಯೆ 2023ರಲ್ಲಿ ಒಂದು ಲಕ್ಷ ಮುಟ್ಟಿತು.

ಮಗುವಿನ ಪ್ರಶ್ನೆಗೆ ಬರೋಣ. ಸಾವಿನ ಬಗ್ಗೆ ಮಕ್ಕಳಿಗೆ ಹೇಳಲು ಕನ್ನಡದಲ್ಲಿ ಮೆತ್ತನೆಯ ಮಾತುಗಳು ಬೇಕಾದಷ್ಟಿವೆ. ತೀರಿಕೊಂಡರು, ಹೋಗಿಬಿಟ್ಟರು, ದೇವರ ಹತ್ತಿರ ಹೋದರು. ತಾತನ ವಿಷಯಕ್ಕೆ ಅವು ಸರಿ. ಇಲ್ಲಿ ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಕಲ್ಲಿನ ಮೇಲಿರುವ ‘ಎರ್‌ಮೋರ್ಡೆಟ್’ಗೆ ಕನ್ನಡ ‘ಕೊಂದರು’. ಜರ್ಮನ್ ಪದ ಕೊಂದವರ ಸುದ್ದಿ ಎತ್ತುವುದಿಲ್ಲ. ಕನ್ನಡದಲ್ಲಿ ‘ಕೊಂದರು’ ಎಂದ ಕೂಡಲೇ ಮಗು “ಯಾರು?” ಎನ್ನುತ್ತದೆ. ಆಗಿನ ಸರ್ಕಾರ, ಅದು ಹೇಳಿದಂತೆ ಕೇಳಿದ ಪೊಲೀಸರು, ಪಟ್ಟಿ ಬರೆದ ಗುಮಾಸ್ತರು ಎಂದು ಎಂಟು ವರ್ಷದ ಮಗುವಿಗೆ ಹೇಳಬಹುದು. ಐದು ವರ್ಷದ್ದಕ್ಕೆ ಹೆಸರು, ವಯಸ್ಸು ಸಾಕು. ಇದನ್ನೆಲ್ಲ ಶಾಲೆ ಹೇಳಿಕೊಡುತ್ತದೆ ಎಂದು ಬಿಟ್ಟರೆ ಕನ್ನಡ ಊಟ, ಸ್ನಾನ, ನಿದ್ದೆಗಷ್ಟೇ ಉಳಿಯುತ್ತದೆ ಎಂಬುದು ನನ್ನ ಅಂಜಿಕೆ.

ವಯಸ್ಸಿನ ಲೆಕ್ಕವನ್ನೂ ಕನ್ನಡದಲ್ಲೇ ಮಾಡಿಸಿ. ನಮ್ಮ ‘ನಲವತ್ತೆರಡು’ ಜರ್ಮನ್‌ನಲ್ಲಿ ತಿರುಗಿಬಿದ್ದು ‘ಎರಡು ಮತ್ತು ನಲವತ್ತು’ ಆಗುತ್ತದೆ. ಇಲ್ಲಿನ ನಮ್ಮ ಮಕ್ಕಳು 24 ಮತ್ತು 42ರ ನಡುವೆ ತಡವರಿಸುವುದು ನಿಮಗೂ ಗೊತ್ತು.

ಇನ್ನೊಂದು ಪ್ರಶ್ನೆ ನಮ್ಮ ಮನೆಗಳದ್ದೇ. “ಅಕ್ಷರದ ಮೇಲೆ ಕಾಲಿಡಬಾರದು ಅಂತೀಯಲ್ಲ, ಮತ್ತೆ ಹೆಸರು ಯಾಕೆ ನೆಲದಲ್ಲಿದೆ?” ಪುಸ್ತಕಕ್ಕೆ ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಮಗು ಇದನ್ನು ಕೇಳದೆ ಇರುತ್ತದೆಯೇ? ಹೆಸರುಗಳನ್ನು ಮತ್ತೆ ತುಳಿದಂತಾಗುತ್ತದೆ ಎಂಬ ಇದೇ ಆಕ್ಷೇಪ ಮ್ಯೂನಿಕ್‌ನಲ್ಲಿ ಎದ್ದಿತು. ಅಲ್ಲಿನ ನಗರಸಭೆ ಸಾರ್ವಜನಿಕ ರಸ್ತೆಯಲ್ಲಿ ಈ ಕಲ್ಲುಗಳಿಗೆ ಅವಕಾಶ ಕೊಟ್ಟಿಲ್ಲ. ಗೋಡೆಯ ಫಲಕ, ಕಂಬಗಳನ್ನು ಆರಿಸಿಕೊಂಡಿದೆ. ನನಗೆ ನೆಲದ ಕಲ್ಲೇ ಇಷ್ಟ, ಓದಲು ಬಗ್ಗಲೇಬೇಕಲ್ಲ. ಆದರೆ ಕಲ್ಲನ್ನು ದಾಟಿ ಕಾಲಿಡುವ ಮಗುವನ್ನು ತಿದ್ದಲೂ ಹೋಗಬೇಡಿ.

ಸತ್ತವರಿಗೆ ಕಲ್ಲು ನಿಲ್ಲಿಸುವುದು ನಮಗೆ ಹೊಸತಲ್ಲ. ಬೆಂಗಳೂರಿಗೆ ಹೋದಾಗ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ‘ಬೆಂಗಳೂರು’ ಎಂಬ ಹೆಸರಿರುವ ಸುಮಾರು 890ರ ವೀರಗಲ್ಲು ತೋರಿಸಿ. ಆತಕೂರಿನ ಕಲ್ಲಂತೂ ಮಕ್ಕಳಿಗೆ ಹಿಡಿಸುತ್ತದೆ: ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ 10ನೇ ಶತಮಾನದಲ್ಲಿ ನೆಟ್ಟದ್ದು. ವೀರಗಲ್ಲು ಕಾದಾಡಿ ಮಡಿದವರಿಗೆ. ಹಿತ್ತಾಳೆ ಕಲ್ಲಿನಲ್ಲಿರುವವರ ಪೈಕಿ ಹೆಚ್ಚಿನವರು ಬೆಳಿಗ್ಗೆ ಎದ್ದು ಕೆಲಸಕ್ಕೋ ಶಾಲೆಗೋ ಹೋಗುತ್ತಿದ್ದವರು.

ನವೆಂಬರ್ 9ರಂದು, 1938ರ ಆ ರಾತ್ರಿಯ ನೆನಪಿಗೆ, ಇಲ್ಲಿಯ ಜನ ಬಟ್ಟೆ ಹಿಡಿದು ಬಂದು ಕಪ್ಪಾದ ಹಿತ್ತಾಳೆಯನ್ನು ಉಜ್ಜಿ, ಪಕ್ಕದಲ್ಲೊಂದು ಮೇಣದಬತ್ತಿ ಹಚ್ಚಿಡುತ್ತಾರೆ. ನಿಮ್ಮ ಬೀದಿಯಲ್ಲೂ ಯಾರಾದರೂ ಬಗ್ಗಿ ಕೂತಿರುತ್ತಾರೆ, ಮಗುವನ್ನು ಕರೆದುಕೊಂಡು ಹೋಗಿ. ದೀಪಾವಳಿಗೆ ಹುಣಸೆಹಣ್ಣು ಹಾಕಿ ದೀಪ ಬೆಳಗಿದ ಕೈಗೆ ಈ ಕೆಲಸ ಗೊತ್ತೇ ಇರುತ್ತದೆ.