ನೆರೆಯವರ ನುಡಿಯೂ ದೊಡ್ಡನೆಕ್ಕುಂದಿಯ ದಾಕ್ಷಿಣ್ಯವೂ

ದೊಡ್ಡನೆಕ್ಕುಂದಿಯ ಸುತ್ತಿನ ಬೀದಿಗಳಲ್ಲಿ ಈಗ ಷವರ್ಮಾ ಎಂಬ ತಿನಿಸು ದೊರೆಯುವುದು. ಇಂತಹವನ್ನೇ ಮುಂದಿಟ್ಟುಕೊಂಡು ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಕೆಲವರು, ನಾನಾ ದೇಶಗಳ ಸಂಸ್ಕೃತಿಸಮಾಗಮವು ಇಲ್ಲಿ ನೆರವೇರಿತೆಂದೂ, ಇನ್ನು ಕನ್ನಡವು ಮನೆಯೊಳಗಿದ್ದರೆ ಸಾಕು, ಬೀದಿಗೆ ಇಂಗ್ಲಿಷೋ ಹಿಂದಿಯೋ ಇದ್ದೇ ಇದೆಯೆಂದೂ ವಾದಿಸುತ್ತಿರುವರು. ಈ ವಾದವು ಎಷ್ಟು ಟೊಳ್ಳೆಂಬುದನ್ನು ಆ ತಿನಿಸಿನ ಹೆಸರೇ ತೋರಿಸಿಕೊಡುವುದು.

ಷವರ್ಮಾ ಎಂಬುದು ಅರಬ್ಬರ ಬಾಯಲ್ಲಿ ಮಾರ್ಪಟ್ಟ ತುರ್ಕಿ ಶಬ್ದ. ಮೂಲದಲ್ಲಿ ಅದು 'ಚೆವಿರ್ಮೆ', ಎಂದರೆ ತಿರುಗಿಸುವಿಕೆ. (ಮಾಂಸದ ಮಾತನ್ನೊಲ್ಲದ ವಾಚಕರು ಕ್ಷಮಿಸಬೇಕು, ಇಲ್ಲಿ ಬೇಕಾದುದು ಶಬ್ದವೊಂದೇ.) ಲೆಬನಾನಿನವರು ಹೀಗೆ ತುರ್ಕಿಯ ಶಬ್ದವನ್ನು ಇಟ್ಟುಕೊಂಡರೆ, ತುರ್ಕರು ತಮ್ಮ ಅದೇ ಬಗೆಯ ತಿನಿಸನ್ನು 'ದೋನೆರ್' ಎನ್ನುವರು, ಅದಕ್ಕೂ ತಿರುಗುವುದೆಂದೇ ಅರ್ಥ! ಲೆಬನಾನು 1516ರಿಂದ 1918ರವರೆಗೆ ಆಟೊಮನ್ ತುರ್ಕರ ಆಳ್ವಿಕೆಗೆ ಒಳಪಟ್ಟಿತ್ತು. ಆ ನಾಲ್ಕು ಶತಮಾನಗಳಲ್ಲಿ ಅಡಿಗೆಯೂ ಕಾಫಿಯೂ ಎಷ್ಟೋ ಶಬ್ದಗಳೂ ಉಭಯರಿಗೂ ಸಮಾನವಾದುವು. ಮಾತು ಮಾತ್ರ ಒಂದಾಗಲಿಲ್ಲ. ತುರ್ಕಿಯಲ್ಲಿ 'ಎವ್' ಎಂದರೆ ಮನೆ, 'ಎವ್‌ಲೆರ್' ಮನೆಗಳು, 'ಎವ್‌ಲೆರ್‌ದೆ' ಮನೆಗಳಲ್ಲಿ. ಪ್ರತ್ಯಯದ ಮೇಲೆ ಪ್ರತ್ಯಯವು ನಮ್ಮ ಕನ್ನಡದಂತೆಯೇ ಬಂದು ಸೇರುವುದು. ಅರಬ್ಬಿಯಲ್ಲಾದರೋ 'ಬೈತ್' ಎಂಬುದು ಒಳಗಿನ ಸ್ವರವನ್ನೇ ಬದಲಿಸಿಕೊಂಡು 'ಬುಯೂತ್' ಎಂದಾಗುವುದು. 'ಅಲ್ಲಿ' ಎಂಬರ್ಥದ 'ಫೀ' ಹಿಂದೆ ಬಾರದೆ ಮುಂದೆ ನಿಲ್ಲುವುದು. ಒಂದೇ ಬಗೆಯ ಕಾಫಿಯನ್ನು ಕುಡಿದ ಮಾತ್ರಕ್ಕೆ ಇಸ್ತಾಂಬೂಲಿನವನಿಗೆ ಬೈರೂತಿನವನ ಮಾತು ತಿಳಿಯದು. ವ್ಯಾಕರಣದ ಮೈಕಟ್ಟು ಹೋಲಿದ ಮಾತ್ರಕ್ಕೆ ಕನ್ನಡಿಗನಿಗೆ ತುರ್ಕಿಯೂ ತಿಳಿಯದು. ಎದುರಿಗಿರುವವನು ಆಡಬೇಕು, ಕೇಳಿದವನು ಕಲಿಯಬೇಕು, ಬೇರೆ ಒಳದಾರಿಯಿಲ್ಲ.

ಲೆಬನಾನಿನ ಇನ್ನೊಂದು ಸಂಗತಿಯು ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು. ಫ್ರೆಂಚರ ಅಧಿಕಾರವನ್ನು ಕಳಚಿ 1943ರಲ್ಲಿ ಸ್ವತಂತ್ರವಾದ ಆ ದೇಶದಲ್ಲಿ 'ಹಾಯ್, ಕೀಫಕ್, ಸಾವಾ?' ಎಂಬ ಕುಶಲಪ್ರಶ್ನೆಯು ಪ್ರಸಿದ್ಧವಾಗಿದೆ. ಮೊದಲನೆಯದು ಇಂಗ್ಲಿಷು, ಕಡೆಯದು ಫ್ರೆಂಚು. ತಾಯ್ನುಡಿಗೆ ದೊರೆತದ್ದು ನಡುವಿನ ಇಕ್ಕಟ್ಟು. ದೊಡ್ಡನೆಕ್ಕುಂದಿಯ ಮನೆಗಳ ಪಡಸಾಲೆಯಲ್ಲಿ ಕನ್ನಡಕ್ಕೆ ಅಷ್ಟು ಜಾಗವಾದರೂ ಉಳಿದಿದೆಯೆ?

ಶಬ್ದಗಳು ಹೊರಗಿನಿಂದ ಬಂದುವೆಂದು ಅಳುವ ಶುದ್ಧವಾದಿಗಳ ಮಾತೂ ಇಲ್ಲಿ ಸಲ್ಲದು. ನಮ್ಮ ತೋಪಖಾನೆಯೊಳಗಿನ 'ತೋಪು' ತುರ್ಕಿಯದು. 'ಉರ್ದು' ಎಂಬ ಹೆಸರೂ ತುರ್ಕಿಯದೇ. ಅದಕ್ಕೆ ದಂಡು, ಪಾಳೆಯ ಎಂದರ್ಥ. ಬೆಂಗಳೂರಿನವರು 1809ರಲ್ಲಿ ಹುಟ್ಟಿದ ಕಂಟೋನ್ಮೆಂಟನ್ನು 'ದಂಡು' ಎಂದೇ ಕರೆದರು. ಅದು 1881ರಿಂದ 1947ರವರೆಗೆ ಮೈಸೂರಿನ ಆಡಳಿತಕ್ಕೆ ಹೊರಗಾಗಿದ್ದರೂ, ಹಲಸೂರಿನ ತಮಿಳರೂ ಶಿವಾಜಿನಗರದ ಉರ್ದುವಿನವರೂ ಸಂತೆ ಅಂಗಡಿಗಳಲ್ಲಿ ಕನ್ನಡಿಗರೊಡನೆ ಆಡಿ ಆಡಿ ಕನ್ನಡವನ್ನು ಕಲಿತರು. ಕನ್ನಡಿಗರೂ ಅವರ ನುಡಿಯನ್ನು ಕಲಿತರು. ಅದಕ್ಕೂ ಬಹು ಹಿಂದೆ, ದೊಮ್ಮಲೂರಿನ ಚೊಕ್ಕನಾಥ ದೇವಾಲಯದಲ್ಲಿ ತಮಿಳು ಶಾಸನಗಳನ್ನು ಕೆತ್ತಿಸಿದ್ದರಿಂದ ಕನ್ನಡಕ್ಕೆ ಕೇಡಾಗಲಿಲ್ಲ.

ಕೇಡು ಬರುತ್ತಿರುವುದು ದಾಕ್ಷಿಣ್ಯದಿಂದ. ಬಂದವರೊಡನೆ ಅವರಿಗೆ ತಿಳಿದ ಭಾಷೆಯಲ್ಲಿ ಮಾತನಾಡುವುದೇ ಅತಿಥಿಸತ್ಕಾರವೆಂದು ಪೂರ್ವಪಕ್ಷಿಗಳು ಹೇಳುವರು. ಒಂದು ದಿನ ಬಂದವನು ಅತಿಥಿ. ಹತ್ತು ವರ್ಷ ಮಗ್ಗುಲ ಮನೆಯಲ್ಲಿರುವವನು ನೆರೆಯವನು. ಅವನನ್ನು ಎಂದೆಂದಿಗೂ ಅತಿಥಿಯಾಗಿಯೇ ಇಡುವುದೆಂದರೆ ಜಗಲಿಯಿಂದ ಒಳಗೆ ಬರಗೊಡದಿರುವುದೆಂದೇ ಅರ್ಥ. ಅವನು ಕಷ್ಟಪಟ್ಟು ಎರಡು ಕನ್ನಡದ ಮಾತನಾಡಿದೊಡನೆ ಇಂಗ್ಲಿಷಿನಲ್ಲಿ ಉತ್ತರಕೊಟ್ಟು, ಹಿಂದಿನಿಂದ 'ಇವರು ಕನ್ನಡ ಕಲಿಯುವುದಿಲ್ಲ' ಎಂದು ದೂರುವುದು ಯಾವ ನ್ಯಾಯ? ಕಲಿಯದವನನ್ನು ಬೀದಿಯಲ್ಲಿ ಬೈದು ಬೆದರಿಸುವವರೂ ಕಲಿಸುವ ಕೆಲಸವನ್ನು ಕೆಡಿಸುವರು. ಬೈಗುಳವನ್ನು ಕೇಳಿ ಯಾವ ಹುಡುಗನೂ ವರ್ಣಮಾಲೆಯನ್ನು ಕಲಿತದ್ದಿಲ್ಲ. ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಶಾಸನವಾಯಿತು, ಒಳ್ಳೆಯದೇ. ಆದರೆ ಫಲಕವು ಮಾತನಾಡದು. ಮಾತನಾಡಬೇಕಾದವರು ಮನೆಯ ಯಜಮಾನರು, ಗೃಹಿಣಿಯರು, ಮಕ್ಕಳು.

ದೂರದ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಕಾವಲುಗಾರನು ಬಾಗಿಲಲ್ಲಿ ನಿಂತು ಏನನ್ನಾದರೂ ಕೇಳಿದಾಗ, ಮುರುಕು ಹಿಂದಿಯನ್ನು ಹುಡುಕುವ ಬದಲು, 'ಒಳಗೆ ಬಾರಪ್ಪ, ನೀರು ಬೇಕೆ?' ಎನ್ನಲಿ. ಅವನಿಗೆ ತಿಳಿಯದಿದ್ದರೆ ಅದನ್ನೇ ಮತ್ತೊಮ್ಮೆ, ನಿಧಾನವಾಗಿ, ಚೊಂಬನ್ನು ತೋರಿಸಿ ಹೇಳಲಿ.